ಜಗಿಯಿರಿ, ನುಂಗಬೇಡಿ

ಅಧ್ಯಕ್ಷತೆ ವಹಿಸಿರುವ ನಮ್ಮ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ, ಮುಖ್ಯ ಅತಿಥಿಗಳಾಗಿ ದಯಮಾಡಿಸಿರುವ ಬೆಳೆ ಸುರಕ್ಷತಾ ಮಂಡಳಿಯ ಗೌರವಾನ್ವಿತ ಅಧ್ಯಕ್ಷರೇ, ಹದಿನೇಳನೇ ನಂಬರಿನ ಆಲೂಗಡ್ಡೆಯನ್ನು ರೂಪಿಸಿದ ವಿಜ್ಞಾನಿ, ನಮ್ಮೆಲ್ಲರ ಬಾಯಲ್ಲಿ ಡಾಕ್ಟರಮ್ಮ ಎಂದೇ ಆಗಿಹೋಗಿರುವ ಮೇಡಂ ಅವರೇ, ಸಹೋದ್ಯೋಗಿಗಳೇ, ಅವರವರ ಮನೆಯವರೇ, ಚಹಾದ ಮೇಜಿಗೆ ಹತ್ತಿರವಾಗಲೆಂದು ಕೊನೆಯ ಸಾಲಿನಲ್ಲೇ ಕುಳಿತಿರುವ ಆಡಳಿತ ವಿಭಾಗದ ಮಿತ್ರರೇ, ಮತ್ತು ಸಮಸ್ತ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಈ ಕೇಂದ್ರದ ರುಚಿ ಪರೀಕ್ಷೆಯ ಅಡುಗೆಮನೆಯನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವಳಿಗೆ ಐದು ನಿಮಿಷವೆಂದರೆ ವರ್ಷಕ್ಕೆ ಹದಿಮೂರು ಸೆಕೆಂಡು ಬಂತು. ಕಡಿಮೆಯಾಯಿತೆಂದು ನಾನು ದೂರುವುದಿಲ್ಲ. ಒಂದು ತುಂಡು ಆಲೂಗಡ್ಡೆಯನ್ನು ಜಗಿಯಲು ನಮ್ಮ ನಿಯಮ ಕೊಡುವುದೇ ಹನ್ನೆರಡು ಸೆಕೆಂಡು. ಅದಕ್ಕೆ ಹೋಲಿಸಿದರೆ ನನಗೆ ಒಂದು ಸೆಕೆಂಡು ಹೆಚ್ಚೇ ಸಿಕ್ಕಿದೆ.

ನಿವೃತ್ತಿಯ ದಿನ ನನಗೆ ಏನೇನು ಅನ್ನಿಸಬೇಕು ಎಂಬುದನ್ನು ಪ್ರಚಾರ ವಿಭಾಗದವರು ನಾಲ್ಕು ಪುಟಗಳಲ್ಲಿ ಬರೆದು ಕೊಟ್ಟಿದ್ದಾರೆ. ಮೊದಲ ಪುಟದಲ್ಲಿ "ನನ್ನ ಹೃದಯ ತುಂಬಿ ಬಂದಿದೆ" ಎಂದಿದೆ. ತುಂಬಿ ಬಂದಿರುವುದು ನಿಜ. ಆದ್ದರಿಂದ ಮೊದಲ ಪುಟ ಮುಗಿಯಿತು. ಎರಡನೇ ಪುಟದಲ್ಲಿ ನಿರ್ದೇಶಕರ ದೂರದೃಷ್ಟಿಯ ಬಗ್ಗೆ ಇದೆ. ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಈಗ ಸ್ವಲ್ಪ ಹೊತ್ತಿನ ಮುಂಚೆ ಪರದೆಯ ಮೇಲೆ ಚಿತ್ರ ತೋರಿಸಲೆಂದು ಸಭಾಂಗಣದ ದೀಪಗಳನ್ನು ಆರಿಸಿದಾಗ, ನಿರ್ದೇಶಕರು ವೇದಿಕೆಯಿಂದ ಇಳಿಯುತ್ತಾ ಕೊನೆಯ ಮೆಟ್ಟಿಲನ್ನು ಕಾಣದೆ ಮುಗ್ಗರಿಸಿದರು. ಮೂರನೇ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದು, ಅವರ ಮೊಣಕೈ ಹಿಡಿದು, ಕುರ್ಚಿಗಳ ನಡುವೆ ನಡೆಸಿಕೊಂಡು ಹೋಗಿ ಅವರನ್ನು ಕೂರಿಸಿದರು. ಆ ಹಿರಿಯರಿಗೆ ಕೇಂದ್ರದ ಪರವಾಗಿ ಧನ್ಯವಾದಗಳು. ಎರಡನೇ ಪುಟವೂ ಮುಗಿಯಿತು.

ಮೂರನೇ ಪುಟಕ್ಕೂ ನಾಲ್ಕನೇ ಪುಟಕ್ಕೂ ನಡುವೆ ಒಂದು ನಮೂನೆ ಸೇರಿಕೊಂಡಿದೆ. ಅದು ಭಾಷಣವಲ್ಲ, ನನ್ನ ಘೋಷಣಾಪತ್ರ. ಅದರಲ್ಲಿ ಹೀಗಿದೆ: "ಹದಿನೇಳನೇ ನಂಬರಿನ ಆಲೂಗಡ್ಡೆಯನ್ನು ಇಂದಿನವರೆಗೆ ಯಾವ ಮನುಷ್ಯರೂ ನುಂಗಿಲ್ಲ, ಅದರ ಯಾವ ಗಡ್ಡೆಯೂ ಈ ಆವರಣದಿಂದ ಹೊರಗೆ ಹೋಗಿಲ್ಲ." ಕೆಳಗೆ ನನ್ನ ಸಹಿಗೆ ಜಾಗ. ನಾನು ಸಹಿ ಮಾಡಿದ ಮೇಲೆ ಮುಖ್ಯ ಅತಿಥಿಗಳು ಬಿಡುಗಡೆಯ ಆದೇಶಕ್ಕೆ ಸಹಿ ಮಾಡುತ್ತಾರೆ. ಆಮೇಲೆ ಮೇಜಿನ ಮೇಲಿರುವ ಆ ತಟ್ಟೆಯ ಮುಚ್ಚಳ ತೆಗೆದು ಒಂದು ತುಂಡನ್ನು ತಿನ್ನುತ್ತಾರೆ. "ಈ ಆಲೂಗಡ್ಡೆಯನ್ನು ಸೇವಿಸುವ ಜಗತ್ತಿನ ಮೊದಲ ವ್ಯಕ್ತಿ" ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಫೋಟೋದವರು ಸಿದ್ಧರಾಗಿ ನಿಂತಿದ್ದಾರೆ. ಆಲೂಗಡ್ಡೆಯನ್ನು ಮೂರು ಗಂಟೆಗೆ ನಾನೇ ಬೇಯಿಸಿದೆ.

ಬೆಳಿಗ್ಗೆಯೇ ಸಹಿ ಮಾಡಿ ಎಂದು ಕೇಳಿದ್ದರು. ಕೈಯೆಲ್ಲ ಹಿಟ್ಟಾಗಿದೆ, ಭಾಷಣ ಮುಗಿಸಿ ಮಾಡುತ್ತೇನೆ ಎಂದೆ. ಆಲೂಗಡ್ಡೆ ಬೇಯಿಸಲು ಹಿಟ್ಟು ಬೇಕಾಗುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಸಭಿಕರೇ, ಮನೆಯವರನ್ನು ಕರೆದುಕೊಂಡು ಬಂದವರು ಇದ್ದೀರಿ. ಈ ಆಲೂಗಡ್ಡೆಯಲ್ಲಿ ಏನಿದೆ ಎಂದು ಮಕ್ಕಳು ಕೇಳುತ್ತಿದ್ದಾರೆ. ನಾನು ವಿಜ್ಞಾನಿಯಲ್ಲ, ತಿಳಿದಷ್ಟು ಹೇಳುತ್ತೇನೆ. ಸಾಮಾನ್ಯ ಆಲೂಗಡ್ಡೆ ಹೊಟ್ಟೆ ತುಂಬಿಸುತ್ತದೆ. ಆದರೆ ಕಣ್ಣಿಗೆ ಬೇಕಾದ ಎ ಜೀವಸತ್ವ ಅದರಿಂದ ಸಿಗುವುದಿಲ್ಲ. ಅದು ಸಾಲದೆ ಹೋದವರಿಗೆ ಮೊದಲು ಮುಸ್ಸಂಜೆಯಲ್ಲಿ ಕಣ್ಣು ಕಾಣಿಸದಂತಾಗುತ್ತದೆ. ಇರುಳುಗುರುಡು ಎನ್ನುತ್ತೇವಲ್ಲ, ಅದು. ಡಾಕ್ಟರಮ್ಮನವರು ಒಂದು ಸೂಕ್ಷ್ಮಜೀವಿಯಿಂದ ಮೂರು ವಂಶವಾಹಿಗಳನ್ನು ತೆಗೆದು ಆಲೂಗಡ್ಡೆಗೆ ಸೇರಿಸಿದರು. ಆಗ ಗಡ್ಡೆ ಕ್ಯಾರೆಟ್ಟಿನಲ್ಲಿರುವ ಹಳದಿಯನ್ನು ತಾನೇ ತನ್ನೊಳಗೆ ಮಾಡಿಕೊಳ್ಳುತ್ತದೆ. ನಮ್ಮ ದೇಹ ಆ ಹಳದಿಯಿಂದ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಕುಲಾಂತರಿ ಎಂದರೆ ಇಷ್ಟೇ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಅವರನ್ನು ಕೇಳಿದ್ದೆ. "ಮೇಡಂ, ಇಷ್ಟೆಲ್ಲ ಯಾಕೆ? ಜನ ಕ್ಯಾರೆಟ್ಟನ್ನೇ ತಿನ್ನಬಹುದಲ್ಲ?"

"ತಿನ್ನಬಹುದು ಅಕ್ಕಾ. ತಿಂತಿದಾರಾ?" ಎಂದರು.

ನಮ್ಮ ಮನೆಯಲ್ಲೇ ತಿನ್ನುತ್ತಿರಲಿಲ್ಲ.

ಅವರು ಒಟ್ಟು ನಲವತ್ತು ತಳಿಗಳನ್ನು ಮಾಡಿದರು. ನಲವತ್ತನ್ನೂ ನಾನು ಬೇಯಿಸಿದ್ದೇನೆ. ನಾಲ್ಕನೆಯದರಲ್ಲಿ ಸೋಪಿನ ರುಚಿ ಇತ್ತು. ಹನ್ನೊಂದನೆಯದು ಒದ್ದೆ ರಟ್ಟು. ಇಪ್ಪತ್ತಮೂರನೆಯದನ್ನು ಒಲೆಗಿಟ್ಟರೆ ಬಾಗಿಲಿಗೆ ಬಣ್ಣ ಹೊಡೆದ ವಾಸನೆ ಬರುತ್ತಿತ್ತು. ಹದಿನೇಳನೆಯದನ್ನು ಜಗಿದ ಹನ್ನೆರಡು ಜನರೂ "ಇದು ಆಲೂಗಡ್ಡೆಯ ಹಾಗಿದೆ" ಎಂದು ಬರೆದರು. ಹತ್ತು ವರ್ಷ ದುಡಿದು ಆಲೂಗಡ್ಡೆಯನ್ನು ಆಲೂಗಡ್ಡೆಯ ಹಾಗೆ ಮಾಡಿದ್ದಕ್ಕೆ ಡಾಕ್ಟರಮ್ಮನವರು ಸಂತೋಷದಿಂದ ಅತ್ತರು. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ.

ನಮ್ಮ ಅಡುಗೆಮನೆಯ ನಿಯಮ ಇಲ್ಲಿ ಎಲ್ಲರಿಗೂ ಗೊತ್ತು. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದೆ: ಜಗಿಯಿರಿ, ನುಂಗಬೇಡಿ. ಹನ್ನೆರಡು ಪುಟ್ಟ ಗೂಡುಗಳು, ಗೂಡಿಗೊಂದು ಕೆಂಪು ಬಲ್ಬು. ಕೆಂಪು ಬೆಳಕಿನಲ್ಲಿ ಯಾವುದು ಹಳದಿ, ಯಾವುದು ಬಿಳಿ ಗೊತ್ತಾಗಬಾರದು. ಪ್ರತಿಯೊಬ್ಬರಿಗೂ ಒಂದು ತುಂಡು, ಒಂದು ಲೋಟ ನೀರು, ಉಗುಳಲು ಮುಚ್ಚಳವಿರುವ ಒಂದು ಬಟ್ಟಲು. ಹನ್ನೆರಡು ಸೆಕೆಂಡು ಜಗಿದು, ಉಗುಳಿ, ಬಾಯಿ ಮುಕ್ಕಳಿಸಿ, ರುಚಿ ಬರೆಯಬೇಕು. ಪರೀಕ್ಷೆಗಳೆಲ್ಲ ಮುಗಿದು ಅನುಮತಿ ಬರುವ ತನಕ ಒಂದು ಚೂರೂ ಯಾರ ಹೊಟ್ಟೆಗೂ ಹೋಗಬಾರದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಕೊರಗುತ್ತಾರೆ. ನಮ್ಮಲ್ಲಿ ಬಾಯಿಗೂ ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಅಪ್ಪಣೆ ಇರಲಿಲ್ಲ.

ನುಂಗಿಲ್ಲ ಎಂಬುದಕ್ಕೆ ಪುರಾವೆ ಬೇಕಲ್ಲ? ಕೊಟ್ಟ ತುಂಡನ್ನೂ ಉಗುಳಿದ ಬಟ್ಟಲನ್ನೂ ತೂಗಬೇಕೆಂದು ಆದೇಶ ಬಂತು. ತೂಗಿದೆವು. ಉಗುಳಿದ್ದು ಪ್ರತಿಸಲವೂ ಹೆಚ್ಚು ತೂಗುತ್ತಿತ್ತು. ಜೊಲ್ಲು ಸೇರಿರುತ್ತದೆ ಎಂದು ನಾನು ಹೇಳಿದೆ. ಅಡುಗೆಯವಳ ಮಾತಿನ ಮೇಲೆ ತೀರ್ಮಾನಿಸಲು ಬರುವುದಿಲ್ಲವೆಂದು ಒಂದು ಸಮಿತಿ ಮಾಡಿದರು. ಸಮಿತಿ ಎಂಟು ತಿಂಗಳು ಕುಳಿತು, ಅದು ಜೊಲ್ಲೇ ಎಂದು ವರದಿ ಕೊಟ್ಟಿತು.

ಒಮ್ಮೆ ನಮ್ಮ ಟೈಪಿಸ್ಟರು ನುಂಗಿಬಿಟ್ಟರು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವಂತೆ. ಅವರನ್ನು ಅತಿಥಿಗೃಹದಲ್ಲಿ ಮೂರು ದಿನ ಇರಿಸಿಕೊಂಡು, ಗಂಟೆಗೊಮ್ಮೆ ನಾಡಿ ನೋಡಿದರು. ಮೂರನೇ ದಿನ, ಯಾರಿಗೆ ಯಾವ ತುಂಡು ಎಂಬ ಸಂಕೇತದ ಪಟ್ಟಿ ತೆರೆದಾಗ, ಅವರಿಗೆ ಬಂದದ್ದು ಹೋಲಿಕೆಗಾಗಿ ಇಟ್ಟ ಸಾಮಾನ್ಯ ಆಲೂಗಡ್ಡೆ ಎಂದು ತಿಳಿಯಿತು. ಸಾಮಾನ್ಯ ಆಲೂಗಡ್ಡೆ ಮನುಷ್ಯನಿಗೆ ಅಪಾಯಕಾರಿಯಲ್ಲ ಎಂಬುದು ನಮ್ಮ ಕೇಂದ್ರದಲ್ಲಿ ಅಧಿಕೃತವಾಗಿ ಸಾಬೀತಾದದ್ದು ಹಾಗೆ.

ನಗಬೇಡಿ, ಅವರು ಇಲ್ಲೇ ಕುಳಿತಿದ್ದಾರೆ.

ಮೂರನೇ ಪುಟದಲ್ಲಿ "ನನ್ನ ಕುಟುಂಬದ ಸಹಕಾರವನ್ನು ಈ ಸಂದರ್ಭದಲ್ಲಿ ಸ್ಮರಿಸುತ್ತೇನೆ" ಎಂದಿದೆ. ಸ್ಮರಿಸುತ್ತೇನೆ. ನನ್ನ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವರು. ತಿಂಗಳಲ್ಲಿ ಒಂದು ವಾರ ಮನೆಯಲ್ಲಿರುತ್ತಿದ್ದರು. ಉಳಿದ ಮೂರು ವಾರ ಮನೆಯಲ್ಲಿ ಇರುತ್ತಿದ್ದವರು ಅತ್ತೆ ಮತ್ತು ನಾನು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕಾಲ ಬಂದಿತ್ತು. ಯಾವುದೋ ಒಂದು ಮಾತಿಗೆ ಮಾತು ಬಿಟ್ಟಿದ್ದೆವು. ಯಾವ ಮಾತು ಎಂಬುದು ಇಬ್ಬರಿಗೂ ಮರೆತುಹೋಯಿತು, ಬಿಟ್ಟದ್ದು ಮಾತ್ರ ನೆನಪಿತ್ತು. ಗಂಡ ಇದ್ದಾಗ ಅವರ ಮೂಲಕ ಮಾತಾಡುತ್ತಿದ್ದೆವು. ಇಲ್ಲದಾಗ ಗೋಡೆಗೆ ಹೇಳುತ್ತಿದ್ದೆವು. "ಇವತ್ತು ಉಪ್ಪು ಜಾಸ್ತಿ" ಎಂದು ಅತ್ತೆ ಗೋಡೆಗೆ ಹೇಳುವರು. "ನಾಳೆ ಕಮ್ಮಿ ಮಾಡ್ತಾರೆ" ಎಂದು ನಾನು ಗೋಡೆಗೆ ಹೇಳುವೆ. ಆರು ವರ್ಷ ಹೀಗೇ ನಡೆಯಿತು. ಗೋಡೆಯ ಕಡೆಯಿಂದ ಯಾವ ತೊಂದರೆಯೂ ಬರಲಿಲ್ಲ.

ಅತ್ತೆ ಅಂಗಿ ಕಾರ್ಖಾನೆಯಲ್ಲಿ ಕಾಜ ಹೊಲಿಯುತ್ತಿದ್ದವರು. ಮೂವತ್ತು ವರ್ಷ ಹೊಲಿದವರು. ಹಗಲಿನಲ್ಲಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಮಾವನವರನ್ನು ಅವರು ಮೊದಲು ನೋಡಿದ್ದು ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಬೇಯಿಸಿದ ಆಲೂಗಡ್ಡೆಗಾಗಿ ಸರತಿಯಲ್ಲಿ ನಿಂತಾಗ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಬೇರೆ ಯಾವ ಊಟವೂ ಸೇರಲಿಲ್ಲ. ಬೇಯಿಸಿದ ಆಲೂಗಡ್ಡೆ, ಸ್ವಲ್ಪ ಉಪ್ಪು, ಹಾಲಿಲ್ಲದ ಚಹಾ. ಸೊಪ್ಪು ಬೇಡ, ಮೊಟ್ಟೆ ಬೇಡ. ಕ್ಯಾರೆಟ್ ಇಟ್ಟರೆ "ಕುದುರೆ ಕಟ್ಟಿಲ್ಲ ಈ ಮನೇಲಿ" ಎಂದು ಗೋಡೆಗೆ ಹೇಳಿದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಸಂಜೆಯಾದರೆ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಏಳದಂತಾದರು. ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ರೇಡಿಯೋ ಕೇಳುತ್ತಿರುವಂತೆ ಕುಳಿತಿರುತ್ತಿದ್ದರು. ಎಷ್ಟೋ ದಿನ ರೇಡಿಯೋ ಹಾಕಿರುತ್ತಿರಲಿಲ್ಲ. ಹೆಮ್ಮೆಯವರು, ಹೇಳಲಿಲ್ಲ. ನಾನು ಕೇಳಲಿಲ್ಲ. ದಿನವಿಡೀ ಎ ಜೀವಸತ್ವದ ಆಲೂಗಡ್ಡೆ ಬೇಯಿಸಿ ಮನೆಗೆ ಬರುತ್ತಿದ್ದವಳಿಗೆ ಮನೆಯ ಕುರ್ಚಿಯಲ್ಲಿ ಕುಳಿತಿರುವುದು ಏನು ಎಂದು ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಶಾಲೆಯಲ್ಲಿ ಬರೆದಿದ್ದೆ, ಹತ್ತಕ್ಕೆ ಹತ್ತು ಅಂಕ ಬಂದಿತ್ತು.

ಒಂದು ಮುಸ್ಸಂಜೆ ಅವರು ಹಿತ್ತಿಲಿನ ಮೆಟ್ಟಿಲ ಮೇಲಿಂದ ಬಿದ್ದರು. ಹನ್ನೊಂದು ಮೆಟ್ಟಿಲು. ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯ ವೈದ್ಯರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಏನು ತಿನ್ನುತ್ತಾರೆ ಎಂದು ಕೇಳಿ, ಇರುಳುಗುರುಡು ಎಂದರು. ಮಾತ್ರೆ ಬರೆದುಕೊಟ್ಟರು. ಅತ್ತೆ ಮಾತ್ರೆಗಳನ್ನು ದಿನಕ್ಕೊಂದರಂತೆ ತಪ್ಪದೆ ತೆಗೆದು, ಗುಂಡಿಗಳ ಡಬ್ಬಿಗೆ ಹಾಕಿದರು. "ಮಾತ್ರೆ ರೋಗ ಇದ್ದವರಿಗೆ. ರೋಗ ಇರೋದು ಈ ಮನೆ ಬಲ್ಬಿಗೆ" ಎಂದು ಗೋಡೆಗೆ ಹೇಳಿದರು. ನಾನು ಒಂದು ಮಾತ್ರೆಯನ್ನು ಪುಡಿ ಮಾಡಿ ಆಲೂಗಡ್ಡೆಯಲ್ಲಿ ಕಲಸಿಟ್ಟೆ. ಮೊದಲ ತುತ್ತಿಗೇ ಉಗುಳಿದರು. ನಮ್ಮ ಪರೀಕ್ಷೆಯ ತಂಡಕ್ಕೆ ಅಂಥ ನಾಲಿಗೆ ಒಂದೂ ಸಿಕ್ಕಿರಲಿಲ್ಲ.

ಈಗ ಹೇಳುವುದು ಮೂರನೇ ಪುಟದಲ್ಲಿ ಇಲ್ಲ.

ನಾವು ತುಂಡು ಮಾಡುವ ಮುಂಚೆ ಸಿಪ್ಪೆ ಹೆರೆದು, ಗಡ್ಡೆಯ ಕಣ್ಣುಗಳನ್ನು ಚಾಕುವಿನ ತುದಿಯಿಂದ ಕಿತ್ತು ಒಂದು ಬಕೆಟ್ಟಿಗೆ ಹಾಕುತ್ತೇವೆ. ಮೊಳಕೆ ಒಡೆಯುವುದು ಆ ಕಣ್ಣುಗಳಿಂದಲೇ. ಆದ್ದರಿಂದ ಬಕೆಟ್ಟನ್ನು ಅರ್ಧ ಗಂಟೆ ಕುದಿಸಿದ ಮೇಲೆಯೇ ಹೊರಗೆ ಚೆಲ್ಲಬೇಕು. ಕುದಿಸುವವಳು ನಾನು. ಕುದಿಸಿದೆ ಎಂದು ಸಹಿ ಮಾಡುವವಳೂ ನಾನು. ಒಂದು ಗುರುವಾರ ಮೂರು ಕಣ್ಣುಗಳು ಕುದಿಯಲಿಲ್ಲ. ಒದ್ದೆ ಕರವಸ್ತ್ರದಲ್ಲಿ ಸುತ್ತಿಕೊಂಡು, ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು, ಗೇಟಿನ ಕಾವಲಿನವರಿಗೆ ದಿನದಂತೆ "ಬರ್ತೀನಣ್ಣಾ" ಎಂದು ಹೇಳಿ ಹೊರಟೆ. ಆಗಿನ ನಿಯಮದಲ್ಲಿ "ಗಡ್ಡೆ" ಎಂದಷ್ಟೇ ಇತ್ತು, ಸಿಪ್ಪೆಯ ಮಾತು ಇರಲಿಲ್ಲ. ಮರುವರ್ಷ "ಗಡ್ಡೆ ಅಥವಾ ಅದರ ಯಾವುದೇ ಭಾಗ" ಎಂದು ತಿದ್ದಿದರು. ಆ ತಿದ್ದುಪಡಿಯನ್ನು ಸೂಚಿಸಿದವಳು ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದ ಮೇಲಾದರೂ ಬೇಲಿ ಗಟ್ಟಿಯಾಗಲಿ ಎನ್ನಿಸಿತು.

ನಿರೂಪಕಿ ಒಂದು ಚೀಟಿ ಕಳಿಸಿದ್ದಾರೆ. "ಸಮಯವಾಯಿತು" ಎಂದಿದೆ. ಆಗಿರಬಹುದು. ನಿರ್ದೇಶಕರು ನೀರು ಕುಡಿಯುತ್ತಿದ್ದಾರೆ. ಅವರು ಕುಡಿದು ಮುಗಿಸುವಷ್ಟರಲ್ಲಿ ಮುಗಿಸುತ್ತೇನೆ.

ಹಿತ್ತಿಲಿನ ಮೆಟ್ಟಿಲ ಕೆಳಗೆ, ಎಣ್ಣೆಯ ಹಳೇ ಡಬ್ಬದಲ್ಲಿ ಮಣ್ಣು ತುಂಬಿ ನೆಟ್ಟೆ. ಮೊದಲ ಬೆಳೆಯನ್ನು ಪೂರ್ತಿ ಮತ್ತೆ ನೆಟ್ಟೆ. ಎರಡನೆಯದನ್ನೂ ನೆಟ್ಟೆ. ಹದಿನಾಲ್ಕು ಡಬ್ಬಗಳಾದವು. ಆಮೇಲೆ ಮೊದಲು ನಾನೇ ತಿಂದು ನೋಡಬೇಕು ಎಂದುಕೊಂಡೆ. ಎರಡು ವಾರ ನಾನು ತಿಂದು, ನನಗೇನೂ ಆಗದಿದ್ದರೆ ಅತ್ತೆಗೆ ಕೊಡುವುದು ಎಂದು. ಬೇಯಿಸಿ, ಬಾಯಿಗೆ ಹಾಕಿಕೊಂಡೆ. ಹನ್ನೆರಡು ಸೆಕೆಂಡು ಜಗಿದೆ. ಉಗುಳಿದೆ. ಮತ್ತೆ ಹಾಕಿಕೊಂಡೆ, ಮತ್ತೆ ಉಗುಳಿದೆ. ಹತ್ತು ವರ್ಷದ ಅಭ್ಯಾಸ, ಗಂಟಲು ಒಪ್ಪಲಿಲ್ಲ. ನನ್ನದೇ ಅಡುಗೆಮನೆಯಲ್ಲಿ, ನನ್ನದೇ ಲೋಟಕ್ಕೆ, ಒಂದು ವಾರ ಉಗುಳಿದೆ. ಹದಿನೇಳನೇ ನಂಬರನ್ನು ಈ ಭೂಮಿಯ ಮೇಲೆ ನನ್ನಷ್ಟು ಜಗಿದವರಿಲ್ಲ. ಇವತ್ತಿಗೂ ನಾನದನ್ನು ನುಂಗಿಲ್ಲ.

ಆದ್ದರಿಂದ ಮೊದಲು ನುಂಗಿದವರು ನನ್ನ ಅತ್ತೆ.

ಅವರಿಗೆ ಹೇಳದೆ ಬಡಿಸಿದೆ. ಪರೀಕ್ಷೆ ಮುಗಿಯದ ಪದಾರ್ಥವನ್ನು, ಮಾತು ಬಿಟ್ಟ ಸೊಸೆ, ಅತ್ತೆಯ ತಟ್ಟೆಗೆ ಹಾಕಿದೆ. ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಅದು ತಪ್ಪು. ಆ ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಅವರ ಕೋಣೆಯ ಬಾಗಿಲಲ್ಲಿ ನಿಂತು ಉಸಿರಾಟ ಕೇಳಿಸಿಕೊಳ್ಳುತ್ತಿದ್ದೆ. ಅವರು ಕೆಮ್ಮಿದರೆ ನನಗೆ ಸಮಾಧಾನವಾಗುತ್ತಿತ್ತು. ಜೀವ ಇದೆ ಎಂದುಕೊಂಡು ಚಹಾಕ್ಕೆ ನೀರಿಡುತ್ತಿದ್ದೆ. ನನಗೆ ಅಷ್ಟು ಭಯ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮೊದಲ ದಿನವೇ ಅವರು ತಟ್ಟೆ ನೋಡಿದರು. "ಇದು ಯಾಕೆ ಹಳದಿ ಇದೆ?" ಎಂದು ಗೋಡೆಯನ್ನು ಕೇಳಿದರು.

"ಬೆಣ್ಣೆ ಹಾಕಿದಾರೆ" ಎಂದು ಗೋಡೆಯ ಪರವಾಗಿ ನಾನು ಹೇಳಿದೆ. ಸ್ವಲ್ಪ ಹಾಕಿಯೂ ಇದ್ದೆ. ಜಿಡ್ಡಿನ ಜೊತೆಗೆ ತಿಂದರೆ ಆ ಹಳದಿ ಮೈಗೆ ಚೆನ್ನಾಗಿ ಹತ್ತುತ್ತದೆ ಎಂದು ಡಾಕ್ಟರಮ್ಮ ಯಾವಾಗಲೋ ಹೇಳಿದ್ದರು.

ಅತ್ತೆ ಒಂದು ತುತ್ತು ಬಾಯಿಗಿಟ್ಟರು. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಹನ್ನೆರಡು ಸೆಕೆಂಡಾಯಿತು, ಉಗುಳಲಿಲ್ಲ. ನುಂಗಿದರು. "ಈ ಮನೇಲಿ ನನಗೆ ಬೆಣ್ಣೆ ಹಾಕೋರು ಯಾರಪ್ಪಾ ಹುಟ್ಟಿಕೊಂಡ್ರು" ಎಂದು ಗೋಡೆಗೆ ಹೇಳಿ, ಇನ್ನೊಂದು ತುತ್ತು ತೆಗೆದುಕೊಂಡರು.

ಹೀಗೆ ಎರಡು ವರ್ಷ ನಡೆಯಿತು. ಏನಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಅವರು ಹೇಳುವವರಲ್ಲ, ನಾನು ಕೇಳುವ ಹಾಗಿರಲಿಲ್ಲ. ಕುರ್ಚಿಯಲ್ಲಿ ಕೂರುತ್ತಲೇ ಇದ್ದರು. ರೇಡಿಯೋ ಮಾತ್ರ ನಿಜವಾಗಿ ಹಾಡುತ್ತಿತ್ತು.

ಒಂಬತ್ತು ವರ್ಷದ ಹಿಂದಿನ ಆ ಸೋಮವಾರವನ್ನು ಇಲ್ಲಿರುವ ಹಳಬರು ಮರೆತಿಲ್ಲ. ನಾಲ್ಕು ದಿನ ರಜೆಯಿತ್ತು. ಶೀತಲಕೋಣೆಯ ಯಂತ್ರ ಮೊದಲ ದಿನವೇ ನಿಂತಿತ್ತು, ಯಾರೂ ನೋಡಲಿಲ್ಲ. ಬಿತ್ತನೆಗಿಟ್ಟ ಹದಿನೇಳನೇ ನಂಬರಿನ ಗಡ್ಡೆಗಳೆಲ್ಲ ಕೊಳೆತು ನೀರಾಗಿದ್ದವು. ಗಾಜಿನ ಬಾಟಲಿಗಳಲ್ಲಿ ಬೆಳೆಸಿಟ್ಟ ಸಸಿಗಳೂ ಅದೇ ಕೋಣೆಯಲ್ಲಿದ್ದವು, ಅವಕ್ಕೆ ಬೂಷ್ಟು ಹತ್ತಿತ್ತು. ಗಡ್ಡೆ ಹಾಳಾದರೆ ಬಾಟಲಿಯಾದರೂ ಉಳಿಯಲಿ ಎಂದು ಎರಡು ಬಗೆಯಲ್ಲಿ ಇಟ್ಟಿದ್ದೆವು. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದೆವು. ಡಾಕ್ಟರಮ್ಮನವರು ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದರು. ಅಳುತ್ತಿರಲಿಲ್ಲ. "ಹದಿಮೂರು ವರ್ಷ ಅಕ್ಕಾ" ಎಂದರು.

ಅಂದು ಸಂಜೆ ಮನೆಗೆ ಬಂದು ಚಪ್ಪಲಿ ಕಳಚದೆ ನಿಂತೆ. ಯಾರಿಗಾದರೂ ಹೇಳಬೇಕಿತ್ತು. ಗೋಡೆಗೆ ಹೇಳಿದೆ. "ಆಫೀಸಿನ ಹಳದಿ ಆಲೂಗಡ್ಡೆ ಪೂರ್ತಿ ಹಾಳಾಗಿಹೋಯ್ತು. ಬಿತ್ತನೆಗೆ ಒಂದೂ ಉಳಿದಿಲ್ಲ. ಆ ಹುಡುಗಿ ಮುಖ ನೋಡೋಕಾಗ್ಲಿಲ್ಲ."

ಅತ್ತೆ ರೇಡಿಯೋ ಆರಿಸಿದರು. ಎದ್ದರು. ಹಿತ್ತಿಲ ಬಾಗಿಲು ತೆಗೆದರು. ಹೊರಗೆ ಮುಸ್ಸಂಜೆ ಕವಿದಿತ್ತು. ಮೆಟ್ಟಿಲ ಬಲ್ಬು ಎಂದೋ ಸುಟ್ಟುಹೋಗಿತ್ತು. "ಅತ್ತೆ, ಬೀಳ್ತೀರಿ" ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಜ್ಜೆ ಕೇಳಿಸಿತು. ಒಂದು, ಎರಡು, ಮೂರು. ತಡವರಿಸಲಿಲ್ಲ, ಗೋಡೆ ಹಿಡಿಯಲಿಲ್ಲ. ಹನ್ನೊಂದನ್ನೂ ಇಳಿದರು. ಮಣ್ಣು ಕೆದಕುವ ಸದ್ದಾಯಿತು. ಮತ್ತೆ ಹನ್ನೊಂದನ್ನೂ ಹತ್ತಿ ಬಂದರು. ಮಡಿಲಲ್ಲಿ ಐದು ಆಲೂಗಡ್ಡೆ ಇದ್ದವು.

"ತಗೋ. ಎಲ್ಲಿಂದ ತಂದ್ಯೋ ಅಲ್ಲಿಗೇ ಕೊಡು" ಎಂದರು. ಗೋಡೆಗಲ್ಲ. ನನಗೆ.

"ನಿಮಗೆ ಗೊತ್ತಿತ್ತಾ ಅತ್ತೆ?"

"ಬೆಣ್ಣೆ ಡಬ್ಬದಲ್ಲಿ ಬೆಳೆಯೋದನ್ನ ನಾನು ಇನ್ನೆಲ್ಲೂ ನೋಡಿಲ್ಲ ಕಣೇ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ಕೆಲಸ ಹೋಗುತ್ತೆ ಅಂತ ಹೆದರಿಕೊಳ್ತಿದ್ದೆ."

ಆಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೆಟ್ಟಿಲು ಕಾಣಿಸ್ತಾ?"

"ಹನ್ನೊಂದೂ ಕಾಣ್ತು" ಎಂದರು. ಐದನ್ನೂ ನನ್ನ ಕೈಗಿಟ್ಟು, "ಮೂರನೇದರಲ್ಲಿ ಬಿರುಕು ಬಿಟ್ಟಿದೆ, ನಿನ್ನ ಗಂಡನಿಗೆ ಹೇಳು" ಎಂದರು.

ನಾನು ಅತ್ತುಬಿಟ್ಟೆ. ಅವರು ಮಣ್ಣಿನ ಕೈಯಲ್ಲೇ ನನ್ನ ತಲೆ ಸವರಿದರು. ಅವತ್ತಿನಿಂದ ಗೋಡೆಗೆ ಬಿಡುವಾಯಿತು.

ಮರುದಿನ ಅಡುಗೆಮನೆಯ ಕೆಳಗಿನ ಡ್ರಾಯರಿನಲ್ಲಿ ಐದು ಗಡ್ಡೆ ಸಿಕ್ಕಿದವು ಎಂದು ಡಾಕ್ಟರಮ್ಮನವರಿಗೆ ಕೊಟ್ಟೆ. ಎಂದೋ ಮರೆತು ಬಿಟ್ಟವು ಎಂದೆ. ಅವರು ಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿಮ್ಮ ಡ್ರಾಯರಿನಲ್ಲಿ ಎರೆಹುಳ ಇದೆ ಅಕ್ಕಾ" ಎಂದರು. "ಹಳೇ ಡ್ರಾಯರು ಮೇಡಂ" ಎಂದೆ. ಅವರು ಮತ್ತೇನೂ ಕೇಳದೆ ವಂಶವಾಹಿಯ ಪರೀಕ್ಷೆ ಮಾಡಿಸಿದರು. ಐದಕ್ಕೆ ಐದೂ ಹದಿನೇಳನೇ ನಂಬರೇ ಎಂದು ಬಂತು. ಇಂದು ಬಿಡುಗಡೆಯಾಗಬೇಕಿರುವ ಗಡ್ಡೆಗಳೆಲ್ಲ ಆ ಐದರ ಸಂತಾನ. ಆ ತಟ್ಟೆಯಲ್ಲಿರುವುದೂ ಅದೇ.

ಎರೆಹುಳದ ವಿಷಯ ಹೇಳಬೇಕೆಂದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರಮ್ಮನವರೇ, ಕ್ಷಮಿಸಿ. ಅವರಿಗೆ ನಾನು ಹೇಳಿಲ್ಲ, ಅವರು ನನ್ನನ್ನು ಕೇಳಿಲ್ಲ. ತಪ್ಪು ಪೂರ್ತಿ ನನ್ನದು ಎಂದು ನಿರ್ದೇಶಕರು ದಯವಿಟ್ಟು ಬರೆದುಕೊಳ್ಳಬೇಕು.

ಮುಖ್ಯ ಅತಿಥಿಗಳೇ, ನೀವು ಪೆನ್ನಿನ ಮುಚ್ಚಳ ಹಾಕಿದ್ದನ್ನು ನಾನು ನೋಡಿದೆ. ನಿಮ್ಮ ಕೋಪ ನ್ಯಾಯವಾದದ್ದೇ. ಈ ಘೋಷಣೆಗೆ ಇದ್ದ ಹಾಗೆಯೇ ನಾನು ಸಹಿ ಮಾಡಿದ್ದರೆ ಎಲ್ಲವೂ ಸುಸೂತ್ರವಾಗಿ ಮುಗಿದು ಈಗ ಎಲ್ಲರೂ ಚಹಾ ಕುಡಿಯುತ್ತಿದ್ದೆವು. ನನ್ನ ಪಿಂಚಣಿ ಉಳಿಯುತ್ತಿತ್ತು. ಡಾಕ್ಟರಮ್ಮನವರ ಇಪ್ಪತ್ತೆರಡು ವರ್ಷ ಉಳಿಯುತ್ತಿತ್ತು. ಬೆಳಿಗ್ಗೆಯಿಂದ ನಾನು ಇದನ್ನೇ ಯೋಚಿಸಿದೆ. ಆದರೆ ಈ ಆಲೂಗಡ್ಡೆ ಹೋಗಬೇಕಾದದ್ದು ನನ್ನ ಅತ್ತೆಯಂಥವರ ತಟ್ಟೆಗೆ. ಪುಡಿ ಮಾಡಿದ ಒಂದು ಮಾತ್ರೆಯನ್ನು ಮೊದಲ ತುತ್ತಿಗೇ ಹಿಡಿದವರು ಅವರು. ಸುಳ್ಳು ಬೆರೆಸಿ ಕೊಟ್ಟರೆ ನಾಳೆ ಜನವೂ ಉಗುಳುತ್ತಾರೆ. ಉಗುಳಿದ್ದನ್ನು ನಾನು ಬೇಕಾದಷ್ಟು ತೂಗಿದ್ದೇನೆ. ಇನ್ನು ಸಾಕು.

ಆದ್ದರಿಂದ ನಮೂನೆಯಲ್ಲಿರುವ ಎರಡು ಸಾಲುಗಳನ್ನು ಹೊಡೆದುಹಾಕಿ, ಬದಿಯಲ್ಲಿ ಬರೆದು, ಸಹಿ ಮಾಡಿದ್ದೇನೆ. ಬರೆದದ್ದನ್ನು ಓದುತ್ತೇನೆ. "ಮೊದಲು ನುಂಗಿದವರು: ನನ್ನ ಅತ್ತೆ. ಈಗಿನ ವಯಸ್ಸು: ಎಂಬತ್ತೊಂದು. ಅವಧಿ: ಹನ್ನೊಂದು ವರ್ಷ, ದಿನವೂ. ದುಷ್ಪರಿಣಾಮ: ಸೊಸೆಯ ಜೊತೆ ಮಾತಾಡುತ್ತಾರೆ. ಸತ್ಪರಿಣಾಮ: ಇಂದು ಸಂಜೆ ಸಭಾಂಗಣದ ದೀಪ ಆರಿಸಿದಾಗ, ಮೂರನೇ ಸಾಲಿನಿಂದ ಎದ್ದು ಹೋಗಿ, ನಿರ್ದೇಶಕರನ್ನು ಕೈಹಿಡಿದು ಕುರ್ಚಿಗೆ ತಲುಪಿಸಿದರು."

ಒಬ್ಬರಿಗೆ ಕಣ್ಣು ಬಂದರೆ ಅದು ಪುರಾವೆಯಲ್ಲ, ಸಾವಿರಾರು ಜನರನ್ನು ನೋಡಬೇಕು ಎಂದು ಡಾಕ್ಟರಮ್ಮ ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಏನು ಮಾಡಲಿ, ನನಗಿರುವುದು ಒಬ್ಬರೇ ಅತ್ತೆ.

ತಮ್ಮ ಮಂಡಳಿಯವರು ತಪಾಸಣೆಗೆ ಬರಲೇಬೇಕು. ಬರಲಿ. ವಿಳಾಸ ಆಡಳಿತ ವಿಭಾಗದಲ್ಲಿದೆ. ಹದಿನಾಲ್ಕು ಡಬ್ಬಗಳೂ ಇದ್ದಲ್ಲೇ ಇವೆ, ಯಾವುದನ್ನೂ ಬಚ್ಚಿಟ್ಟಿಲ್ಲ. ಒಂದೇ ವಿನಂತಿ. ಬರುವುದು ಸಂಜೆಯಾದರೆ ಮೆಟ್ಟಿಲ ಹತ್ತಿರ ಜೋಪಾನ, ಅಲ್ಲಿ ಬಲ್ಬು ಇಲ್ಲ. ಬೇಕಾಗಲಿಲ್ಲವೆಂದು ನಾವು ಹಾಕಿಸಲೇ ಇಲ್ಲ. ಅತ್ತೆ ನಿಮ್ಮ ಕೈ ಹಿಡಿದು ಇಳಿಸುತ್ತಾರೆ.

ನಾಲ್ಕನೇ ಪುಟದಲ್ಲಿ ಧನ್ಯವಾದಗಳಿವೆ. ನನ್ನನ್ನು ಇಷ್ಟು ವರ್ಷ ನಂಬಿದ ಈ ಕೇಂದ್ರಕ್ಕೆ, ಉಗುಳಿದ ಹನ್ನೆರಡು ಜನರಿಗೆ, ನುಂಗಿದ ಒಬ್ಬರಿಗೆ, ಮತ್ತು ಐದು ನಿಮಿಷವನ್ನು ಇಷ್ಟು ಉದ್ದಕ್ಕೆ ಸಹಿಸಿಕೊಂಡ ನಿಮಗೆಲ್ಲರಿಗೂ ನನ್ನ ಧನ್ಯವಾದಗಳು. ನಮಸ್ಕಾರ.